ಎರಡು ತೂತು ಕಾಸಿನ ಸಂದು

ಕೋನಪ್ಪ ಬಡಗಿಯ ಮನೆಯಲ್ಲಿ ಹುಟ್ಟಿದವನಲ್ಲ. ದಿಬ್ಬೂರಹಳ್ಳಿಯ ಊರಾಚೆಯ ಕೇರಿಯಲ್ಲಿ ಹುಟ್ಟಿದ. ಯುದ್ಧದ ಕಾಲದಲ್ಲಿ ಹೊಟ್ಟೆಪಾಡಿಗೆಂದು ಬೆಂಗಳೂರಿಗೆ ಹೋಗಿ ಮಿಲಿಟರಿಯವರ ವರ್ಕ್‌ಶಾಪಿನಲ್ಲಿ ಮರ ಹೊರುವ ಕೂಲಿಗೆ ಸೇರಿದ. ಹೊತ್ತು ಹಾಕಿದ ಮರ ಆಮೇಲೆ ಏನಾಗುತ್ತದೆಂದು ನಿಂತು ನೋಡುವ ಚಪಲ ಅವನಿಗೆ. ನೋಡಿ ನೋಡಿ ಉಳಿ ಹಿಡಿದ, ಬೈರಿಗೆ ಹಿಡಿದ, ಎರಡು ವರ್ಷದಲ್ಲಿ ಬಾಗಿಲು ಮಾಡುವವರ ಸಾಲಿನಲ್ಲಿ ಕೂತ. ಅಲ್ಲಿದ್ದ ಮುದಿ ಫೋರ್‌ಮನ್‌ಗೆ ಕೋಪ ಮೂಗಿನ ತುದಿಯಲ್ಲೇ. ಆತ ಕಲಿಸಿದ ಪಾಠ ಒಂದೇ. "ಮೊಳೆ ಇರೋದು ಹೊಡೆಯೋಕೆ, ಸ್ಕ್ರೂ ಇರೋದು ತಿರುಗಿಸೋಕೆ. ಸ್ಕ್ರೂನ ಸುತ್ತಿಗೇಲಿ ಹೊಡೆಯೋನು ನಾಳೆ ಹೆತ್ತ ತಾಯೀನೂ ಹೊಡೀತಾನೆ."

ಯುದ್ಧ ಮುಗಿಯಿತು, ಕೋನಪ್ಪ ಊರಿಗೆ ಬಂದ. ಬಂದು ನೋಡಿದರೆ, ಕೈಯಲ್ಲಿ ಕಸುಬಿದ್ದರೂ ಕರೆಯುವವರಿಲ್ಲ. ತಲೆಬಾಗಿಲು ಇಡುವುದೆಂದರೆ ಹುಡುಗಾಟವೇ? ಹೊಸ್ತಿಲಿಗೆ ಅರಿಶಿನ ಹಚ್ಚಬೇಕು, ಬಾಗಿಲವಾಡಕ್ಕೆ ಮಾವಿನೆಲೆ ಕಟ್ಟಬೇಕು, ಆಚಾರಿ ಬಂದು ಪೂಜೆ ಮಾಡಿ ನಿಲ್ಲಿಸಬೇಕು. ಕೇರಿಯವನು ಇಟ್ಟ ಬಾಗಿಲಲ್ಲಿ ಲಕ್ಷ್ಮಿ ಕಾಲಿಡುತ್ತಾಳೆಯೇ ಎಂದು ಊರವರಿಗೆ ಅನುಮಾನ. ಲಕ್ಷ್ಮಿಯನ್ನು ಕೇಳಿದವರು ಯಾರೂ ಇಲ್ಲ. ಹೀಗಾಗಿ ಲಕ್ಷ್ಮಿ ಬರುವ ಬಾಗಿಲುಗಳೆಲ್ಲ ಆಚಾರಿಗಳಿಗೆ ಹೋದವು, ಲಕ್ಷ್ಮಿ ಬಾರದ ಬಾಗಿಲುಗಳು ಕೋನಪ್ಪನಿಗೆ ಉಳಿದವು. ಅಂದರೆ ಕಕ್ಕಸಿನ ಬಾಗಿಲುಗಳು.

ಐವತ್ತರ ಈಚೆಗೆ ಅವೂ ನಾಲ್ಕಾರು ಹುಟ್ಟಿಕೊಂಡಿದ್ದವು. ಚಿಕ್ಕಬಳ್ಳಾಪುರದಲ್ಲಿ ಒಂದು ಟೆಂಟು ಸಿನಿಮಾ, ಗೌರಿಬಿದನೂರಿನಲ್ಲಿ ಒಂದು ಹಾಸ್ಟೆಲ್ಲು, ಕೈವಾರಕ್ಕೆ ಬರುವವರಿಗೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ ಛತ್ರ. ಎಲ್ಲ ಕಡೆಯೂ ನಡುನಡುವೆ ಚಪ್ಪಡಿ ಕಲ್ಲು ನಿಲ್ಲಿಸಿ ಗೂಡುಗಳನ್ನು ಮಾಡುತ್ತಿದ್ದರು, ಆಮೇಲೆ ಬಾಗಿಲಿಗೆ ಕೋನಪ್ಪನನ್ನು ಕರೆಯುತ್ತಿದ್ದರು. ಜನ ಅವನಿಗೆ ಕಕ್ಕಸು ಕೋನಪ್ಪ ಎಂದು ಹೆಸರಿಟ್ಟರು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಇರ್ಲಿ ಬಿಡ್ರಪ್ಪ. ತಲೆಬಾಗಿಲು ದಾಟ್ದೆ ಒಂದು ದಿನ ಇರಬೌದು, ಇದನ್ನ ದಾಟ್ದೆ ಯಾವೋನಿದಾನೆ?" ಎನ್ನುತ್ತಿದ್ದ. ಆದರೆ ಹೊಸ ಮನೆಯ ಮುಂದೆ ಹಾದು ಹೋಗುವಾಗ ತಲೆಬಾಗಿಲ ಕಡೆ ಕತ್ತು ತಾನಾಗಿ ತಿರುಗುತ್ತಿತ್ತು. ಜೀವಮಾನದಲ್ಲಿ ಒಂದು ತಲೆಬಾಗಿಲು ಇಡಬೇಕೆಂಬ ಆಸೆ ಅವನಿಗಿತ್ತು. ಅದನ್ನು ಹೆಂಡತಿ ಗಂಗುಲಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಕಕ್ಕಸಿನ ಬಾಗಿಲಿಗೆ ಅವನು ಪಡುತ್ತಿದ್ದ ಶ್ರಮ ನೋಡಿದರೆ ಆಚಾರಿಗಳು ನಗುತ್ತಿದ್ದರು. ಬೈರಿಗೆಯಲ್ಲಿ ತೂತು ಕೊರೆಯದೆ ಸ್ಕ್ರೂ ಹಾಕುವವನಲ್ಲ. ಸ್ಕ್ರೂ ತುದಿಗೆ ಸೋಪು ಸವರದೆ ತಿರುಗಿಸುವವನಲ್ಲ. ಒಳಚಿಲಕವನ್ನು ಗಂಡಸಿನ ಎದೆಯ ಎತ್ತರಕ್ಕಲ್ಲ, ಹತ್ತು ವರ್ಷದ ಹೆಣ್ಣುಮಗುವಿನ ಕೈಗೆ ಎಟಕುವ ಎತ್ತರಕ್ಕೆ ಕೂರಿಸುತ್ತಿದ್ದ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಉಗುರು ತೂರದಷ್ಟೇ ಸಂದು. "ಸಂದು ಬಿಟ್ರೆ ಗಾಳಿ ಬರಲ್ಲ ಕಣಪ್ಪ, ಕಣ್ಣು ಬರ್ತದೆ" ಎನ್ನುತ್ತಿದ್ದ. ಕೊನೆಗೆ ತಾನೇ ಒಳಗೆ ಹೋಗಿ ಚಿಲಕ ಹಾಕಿಕೊಂಡು, ಕೆಲಸ ಕೊಟ್ಟವರಿಗೆ ಹೊರಗಿನಿಂದ ಭುಜ ಕೊಟ್ಟು ತಳ್ಳಲು ಹೇಳುತ್ತಿದ್ದ. ಹಾಗೆ ಒಳಗೆ ನಿಂತು ನೋಡದೆ ಅವನು ಒಂದು ಬಾಗಿಲನ್ನೂ ಒಪ್ಪಿಸಿದವನಲ್ಲ.

ಐವತ್ತೆಂಟರಲ್ಲಿ ಶಿಡ್ಲಘಟ್ಟದಿಂದ ಕರೆ ಬಂತು. ವೆಂಕಟರವಣಪ್ಪ ಎಂಬುವವರದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ನಲವತ್ತು ಹೆಂಗಸರು ಬಿಸಿನೀರಿನ ತೊಟ್ಟಿಗಳ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುತ್ತಿದ್ದರು. ಅವರಿಗೆಂದು ಕಟ್ಟಿದ ಆರು ಕಕ್ಕಸಿಗೆ ಬಾಗಿಲಿನ ಜಾಗದಲ್ಲಿ ಗೋಣಿತಾಟು ನೇತುಹಾಕಿತ್ತು. ಬಾಗಿಲು, ಒಳಚಿಲಕ ಇರಲೇಬೇಕೆಂದು ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರೆದು ಹೋಗಿದ್ದರಿಂದ ವೆಂಕಟರವಣಪ್ಪನವರಿಗೆ ಕೋನಪ್ಪನ ನೆನಪಾಯಿತು.

ಕೋನಪ್ಪ ಹೊನ್ನೆ ಮರದ ಹಲಗೆಯಲ್ಲಿ ಆರು ಬಾಗಿಲು ಮಾಡಿದ. ಚಪ್ಪಡಿಗೆ ತೂತು ಕೊರೆದು, ಬೋಲ್ಟು ಹಾಕಿ ಚೌಕಟ್ಟು ಬಿಗಿದ. ಬೆಳಗಿನ ತಂಪಿನಲ್ಲಿ, ಕಾರ್ಖಾನೆ ಶುರುವಾಗುವ ಮೊದಲು, ಆರರಲ್ಲೂ ಒಳಗೆ ಹೋಗಿ ಚಿಲಕ ಹಾಕಿ ತೆಗೆದ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸರಿದವು. ವೆಂಕಟರವಣಪ್ಪನವರಿಗೆ ಖುಷಿಯಾಯಿತು. "ಏಮಯ್ಯಾ ಕೋನಪ್ಪಾ, ಚಿಂತಾಮಣೀಲಿ ಹೊಸ ಬಸ್ ಸ್ಟ್ಯಾಂಡು ಆಗ್ತಾ ಇದೆ. ಗಂಡಸರಿಗೆ ಹತ್ತು, ಹೆಂಗಸರಿಗೆ ಹತ್ತು ಬಾಗಿಲು. ಕಂಟ್ರಾಕ್ಟರು ನಮ್ಮ ಬೀಗ್ರು. ನಾನು ಒಂದು ಮಾತು ಹೇಳಿದ್ರೆ ಕೆಲಸ ನಿಂದೇ" ಅಂದರು. ಇಪ್ಪತ್ತು ಬಾಗಿಲೆಂದರೆ ಕೋನಪ್ಪನಿಗೆ ಒಂದು ವರ್ಷದ ಅನ್ನ.

ಆ ಕಾರ್ಖಾನೆಯ ಹೆಂಗಸರಿಗೆ ಚಿಲಕದ ರೂಢಿ ಇರಲಿಲ್ಲ, ಕೆಮ್ಮಿನ ರೂಢಿ ಇತ್ತು. ಹಳ್ಳಿಯಲ್ಲಿ ಬಯಲಿಗೆ ಹೋದವರು ಹೆಜ್ಜೆ ಸಪ್ಪಳ ಕೇಳಿದರೆ ಒಂದು ಸಲ ಕೆಮ್ಮುತ್ತಾರೆ. ಇಲ್ಲಿ ಮನುಷ್ಯರಿದ್ದಾರೆ, ಆ ಕಡೆ ಹೋಗಿ ಎಂದು ಅರ್ಥ. ಕೆಮ್ಮು ಕೇಳಿಯೂ ಮುಂದೆ ಬಂದವನನ್ನು ಊರು ಮನುಷ್ಯನೆಂದು ಲೆಕ್ಕಕ್ಕಿಡುವುದಿಲ್ಲ. ಗೋಣಿತಾಟಿನ ಕಾಲದಲ್ಲಿ ಕಾರ್ಖಾನೆಯಲ್ಲೂ ಇದೇ ನಡೆದಿತ್ತು, ಬಾಗಿಲು ಬಂದ ಮೇಲೂ ಹೆಚ್ಚಿನವರು ಚಿಲಕ ಹಾಕದೆ ಕೆಮ್ಮುತ್ತಲೇ ಇದ್ದರು.

ಹದಿನೈದು ದಿನ ಕಳೆದಿರಬೇಕು. ಅಕ್ಕಯ್ಯಮ್ಮ ಎಂಬಾಕೆ ಹನ್ನೊಂದು ಗಂಟೆಗೆ ಕಕ್ಕಸಿಗೆ ಹೋದವಳು ಒಂದೂವರೆಗೆ ಆಚೆ ಬಂದಳು. ನಡುವಯಸ್ಸು ದಾಟಿದ ಹೆಂಗಸು, ಒಳ್ಳೆಯ ಒಕ್ಕಲು ಮನೆತನ. ಗಂಡ ಸತ್ತ ಮೇಲೆ ಮೈದುನ ಜಮೀನನ್ನೆಲ್ಲ ತಾನೇ ಉಳುತ್ತಿದ್ದುದರಿಂದ ನೂಲಿನ ಕೂಲಿಗೆ ಬಂದಿದ್ದಳು. ಆಚೆ ಬಂದಾಗ ಅವಳ ಎರಡು ಕೈಯ ಬೆರಳೂ ಸುಲಿದಿದ್ದವು. ಚಿಲಕ ಸಿಕ್ಕಿಕೊಂಡು ಬಿಟ್ಟಿತ್ತೆಂದಳು.

ಮೇಸ್ತ್ರಿ ಮುನಿಶಾಮಪ್ಪ ನಂಬಲಿಲ್ಲ. "ಸಿಕ್ಕೊಂಡಿದ್ರೆ ಕೂಗೋಕೆ ಬಾಯಿ ಇರ್ಲಿಲ್ವಾ? ನಾಲ್ಕು ಸಲ ಜನ ಬಂದು ನೋಡಿದ್ರು, ನೀನು ಕೆಮ್ತಿದ್ದೆ."

"ಯಾರಾದ್ರೂ ಬರ್ಲಿ ಅಂತಲೇ ಕೆಮ್ಮಿದ್ದು ಕಣಪ್ಪ," ಎಂದಳು ಅಕ್ಕಯ್ಯಮ್ಮ. "ಗೋಡೆ ಆಚೆ ಬಾಯ್ಲರ್ ಗಂಡಸರಿದ್ರು. ಕಕ್ಕಸೊಳಗೆ ಕೂತು ಹೆಂಗಸು ಹೆಂಗಪ್ಪ ಕೂಗ್ಲಿ? ನಾನು ಕೆಮ್ಮಿದಷ್ಟೂ ಜನ ತಿರುಗಿ ಹೋದ್ರು."

ಪಾಪ, ಹೋದವರದು ತಪ್ಪೇನಿಲ್ಲ. ಕೆಮ್ಮಿದರೆ ಹೋಗಬೇಕು, ಹೋದರು. ಅವಳು ಜೋರಾಗಿ ಕೆಮ್ಮಿದಳು, ಅವರು ಬೇಗ ಹೋದರು.

ಮಾರನೆಯ ಬೆಳಿಗ್ಗೆ ಏಳಕ್ಕೆ ವೆಂಕಟರವಣಪ್ಪನವರು ಕೋನಪ್ಪನನ್ನು ಕರೆಸಿದರು. ಆರೂ ಬಾಗಿಲ ಚಿಲಕವನ್ನು ಅವನ ಕೈಯಲ್ಲೇ ಹಾಕಿಸಿ ತೆಗೆಸಿದರು. ಒಂದಕ್ಕೂ ಒಂದಿಷ್ಟು ತಡೆಯಿಲ್ಲ.

"ಹೇಳಯ್ಯಾ, ಚಿಲಕ ಸರಿಯಾಗಿದೆಯೋ ಇಲ್ವೋ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ."

ಅಕ್ಕಯ್ಯಮ್ಮ ಸೆರಗು ಹೊದ್ದು ದೂರದಲ್ಲಿ ನಿಂತಿದ್ದಳು. ಕೋನಪ್ಪ ಅವಳನ್ನು ನೋಡಲಿಲ್ಲ, ಚಿಲಕವನ್ನೇ ನೋಡಿದ. ತಾನು ಕೂರಿಸಿದ ಚಿಲಕ. ಒಂದು ಸ್ಕ್ರೂವೂ ಅಲ್ಲಾಡಿರಲಿಲ್ಲ.

"ಸರಿಯಾಗೈತೆ ಯಜಮಾನ್ರೇ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಒಳಗೆ ಕೂತು ನಿದ್ದೆ ಹೊಡೆದು ಚಿಲಕದ ಮೇಲೆ ಹಾಕ್ತಾಳೆ," ಎಂದರು ವೆಂಕಟರವಣಪ್ಪನವರು. ಅಕ್ಕಯ್ಯಮ್ಮನನ್ನು ಕೆಲಸದಿಂದ ತೆಗೆದರು. ಅವಳು ಅಳಲಿಲ್ಲ. ಗೇಟಿನ ಹತ್ತಿರ ಕೋನಪ್ಪ ಎದುರಾದಾಗ, "ನಿನ್ನ ಚಿಲಕ ಚೆನ್ನಾಗೈತೆ ಬಿಡಪ್ಪ," ಎಂದು ಹೇಳಿ, ಸುಲಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ರಾತ್ರಿ ಕೋನಪ್ಪ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಏನೆಂದು ಗಂಗುಲಮ್ಮ ಕೇಳಿದಾಗ ಎಲ್ಲ ಹೇಳಿದ. ಅವಳು ಒಲೆಯ ಮುಂದಿನಿಂದ ತಿರುಗದೆ ಕೇಳಿಸಿಕೊಂಡಳು.

"ಆ ಯಮ್ಮ ಒಳಕ್ಕೆ ಹೋಗಿದ್ದು ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ."

"ನೀನು ನೋಡಿದ್ದು?"

"ಏಳಕ್ಕೆ."

"ಹನ್ನೊಂದರ ನೋವಿಗೆ ಏಳು ಗಂಟೆ ಸಾಕ್ಷಿ ಹೇಳಿ ಬಂದ್ಯಾ? ಭೇಷಾಯ್ತು," ಎಂದಳು ಗಂಗುಲಮ್ಮ. ಮುದ್ದೆ ಕೋಲನ್ನು ತೊಳೆದು ಗೋಡೆಗೆ ಒರಗಿಸಿ ಮಲಗಿದಳು.

ಕೋನಪ್ಪ ಕತ್ತಲಲ್ಲಿ ಕೂತು ಯೋಚನೆ ಮಾಡಿದ. ಏಳಕ್ಕೂ ಹನ್ನೊಂದಕ್ಕೂ ನಡುವೆ ಏನು ಬದಲಾಗುತ್ತದೆ? ಬಾಯ್ಲರು ಉರಿಯುತ್ತದೆ. ತೊಟ್ಟಿಗಳಲ್ಲಿ ಗೂಡು ಬೆಂದ ಬಿಸಿನೀರು ಹೊರಗೆ ಹರಿಯುತ್ತದೆ. ನೀರು ದಂಡವಾಗಬಾರದೆಂದು ವೆಂಕಟರವಣಪ್ಪನವರು ಅದನ್ನೇ ಕಕ್ಕಸಿನ ಚರಂಡಿಗೆ ಬಿಡಿಸಿದ್ದರು. ಹೊಲಸೂ ಕೊಚ್ಚಿಹೋಗುತ್ತದೆ, ನೀರಿನ ಖರ್ಚೂ ಇಲ್ಲ. ಅಂದರೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಆ ಬಾಗಿಲುಗಳ ಬುಡದಿಂದ ಹಬೆ ಏಳುತ್ತಿರುತ್ತದೆ. ಹಬೆ ಕುಡಿದ ಹಲಗೆ ಊದುತ್ತದೆ. ಊದಿದ ಹಲಗೆಗೆ ಜಾಗ ಬೇಡವೇ? ತಾನು ಬಿಟ್ಟಿದ್ದು ಉಗುರು ತೂರದ ಸಂದು. ಏಳೆಂಟು ವರ್ಷದಿಂದ ಯಾವುದನ್ನು ಹೇಳಿಕೊಂಡು ಮೆರೆದಿದ್ದನೋ ಅದೇ ಸಂದು.

ತಪ್ಪು ಸಿಕ್ಕಿತು. ಸಿಕ್ಕಿದ್ದಕ್ಕೆ ಅವನಿಗೆ ಸಂತೋಷವಾಗಲಿಲ್ಲ, ಭಯವಾಯಿತು. ಹೇಳದೆ ಸುಮ್ಮನಿದ್ದರೆ ಚಿಂತಾಮಣಿಯ ಇಪ್ಪತ್ತು ಬಾಗಿಲು ಸಿಕ್ಕುತ್ತವೆ. ಹೇಳಿದರೆ, ಇರುವ ಒಂದು ಹೆಸರೂ ಹೋಗುತ್ತದೆ. ತಲೆಬಾಗಿಲಂತೂ ಯಾರೂ ಕೊಡುವುದಿಲ್ಲ, ಇನ್ನು ಕಕ್ಕಸಿನ ಬಾಗಿಲನ್ನೂ ಕೊಡದಿದ್ದರೆ ತಿನ್ನುವುದೇನು? ಬೆಳಗಾಗುವವರೆಗೆ ಇದೇ ಆಯಿತು.

ಬೆಳಿಗ್ಗೆ ಬಸ್ಸಿಗೆ ಕಾಯದೆ ನಡೆದೇ ಹೊರಟ. ಕಾರ್ಖಾನೆ ಮುಟ್ಟಿದಾಗ ಹತ್ತೂ ಮುಕ್ಕಾಲು. ಹಬೆ ಏಳುತ್ತಿತ್ತು. ಮುನಿಶಾಮಪ್ಪ ಅಡ್ಡ ಬಂದ. "ಎಲ್ಲಿಗಯ್ಯಾ? ಹೆಂಗಸರು ಕೆಲಸ ಮಾಡೋ ಹೊತ್ತು ಇದು."

"ಒಂದು ಚಿಲಕ ನೋಡ್ಬೇಕು ಸ್ವಾಮಿ, ಈಗಲೇ ನೋಡ್ಬೇಕು," ಎಂದು ಕೋನಪ್ಪ ನಿಲ್ಲದೆ ನಡೆದ. ಖಾಲಿಯಿದ್ದ ಮೂರನೆಯದರೊಳಗೆ ಹೋಗಿ ಬಾಗಿಲು ದೂಡಿದ. ಬಾಗಿಲು ಚೌಕಟ್ಟಿಗೆ ಉಜ್ಜಿಕೊಂಡು ಕಿರುಗುಟ್ಟಿತು. ಬಲವಂತವಾಗಿ ಚಿಲಕ ಹಾಕಿದ. ಕಾಲು ಗಂಟೆ ಒಳಗೆ ನಿಂತ. ಬೆವರು ಸುರಿಯಿತು, ಉಸಿರು ಕಟ್ಟಿತು. ಆಮೇಲೆ ಚಿಲಕ ಎಳೆದ. ಅದು ಜಗ್ಗಲಿಲ್ಲ. ಎರಡು ಕೈ ಹಾಕಿ ಎಳೆದ, ಕಾಲು ಕೊಟ್ಟು ಎಳೆದ. ಅಬ್ಬಾ, ಏನು ಬಿಗಿ! ಇನ್ನೊಬ್ಬರು ಮಾಡಿದ್ದರೆ ಸುತ್ತಿಗೆಯಲ್ಲಿ ಹೊಡೆದ ಸ್ಕ್ರೂ ಒಂದೇ ಎಳೆತಕ್ಕೆ ಕಿತ್ತು ಬರುತ್ತಿತ್ತು. ಇದು ಕೋನಪ್ಪ ತಿರುಗಿಸಿದ ಸ್ಕ್ರೂ, ಬರಲಿಲ್ಲ.

ಹೊರಗೆ ಯಾರದೋ ಹೆಜ್ಜೆ ಕೇಳಿತು. ಕೂಗಬೇಕೆಂದು ಕೋನಪ್ಪ ಬಾಯಿ ತೆರೆದ. ಗಂಟಲಿನಿಂದ ಬಂದದ್ದು ಕೆಮ್ಮು. ಹೆಜ್ಜೆ ತಿರುಗಿ ಹೋಯಿತು. ನಲವತ್ತು ದಾಟಿದ ಗಂಡಸು, ಮಿಲಿಟರಿಯಲ್ಲಿ ದುಡಿದವನು, ಕಕ್ಕಸಿನೊಳಗಿಂದ ಕೂಗಲು ಅವನಿಗೂ ನಾಚಿಕೆಯಾಗಿತ್ತು. ಅಕ್ಕಯ್ಯಮ್ಮ ಇಲ್ಲಿ ಎರಡೂವರೆ ಗಂಟೆ ನಿಂತಿದ್ದಳೆಂದು ಆಗ ಅವನಿಗೆ ಸರಿಯಾಗಿ ತಿಳಿಯಿತು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಕಣ್ಣು ಮುಚ್ಚಿ ಕೂಗಿದ. "ಯಜಮಾನ್ರೇ! ನಾನು ಕೋನಪ್ಪ! ನನ್ನ ಚಿಲಕ ನನ್ನನ್ನೇ ಹಿಡ್ಕೊಂಡೈತೆ! ಎಲ್ರೂ ಬಂದು ನೋಡ್ರಪ್ಪೋ!"

ತೊಟ್ಟಿ ಬಿಟ್ಟು ಹೆಂಗಸರೆಲ್ಲ ಬಂದರು. ಬಾಯ್ಲರಿನವರು ಬಂದರು. ವೆಂಕಟರವಣಪ್ಪನವರು ಬಂದು ಬಾಗಿಲಿಗೆ ಭುಜ ಕೊಟ್ಟರು, ಅಲ್ಲಾಡಲಿಲ್ಲ.

"ಏನಯ್ಯಾ ಇದು ನಾಟಕ?"

"ನಾಟಕ ಅಲ್ಲ ಸ್ವಾಮಿ. ಹಬೆಗೆ ಹಲಗೆ ಊದೈತೆ. ಸಂದು ಕಮ್ಮಿ ಬಿಟ್ಟಿದ್ದು ನಾನು. ಆ ಯಮ್ಮ ನಿದ್ದೆ ಮಾಡ್ಲಿಲ್ಲ, ಸುಳ್ಳೂ ಹೇಳ್ಲಿಲ್ಲ. ತಪ್ಪು ನಂದು."

ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಸ್ಕ್ರೂಡ್ರೈವರು ಹಿಡಿದು, ಒಳಗಿನಿಂದಲೇ ಚಿಲಕದ ಎಂಟು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಅವನು ಬಾಗಿಲು ಎಳೆದು ತೆಗೆದು ಆಚೆ ಬಂದಾಗ ಹೆಂಗಸೊಬ್ಬಳು, "ನಿನ್ನ ಕೈಯಲ್ಲಾದ್ರೆ ಸ್ಕ್ರೂಡ್ರೈವರಿತ್ತು. ಆಕೆ ಉಗುರಲ್ಲಿ ತೆಗೆದವಳೆ," ಎಂದಳು. ಕೋನಪ್ಪ ತಲೆ ತಗ್ಗಿಸಿ ಹೌದೆಂದ.

ನಲವತ್ತು ಜನ ಕಣ್ಣಾರೆ ಕಂಡ ಮೇಲೆ ವೆಂಕಟರವಣಪ್ಪನವರಿಗೆ ಬೇರೆ ದಾರಿ ಇರಲಿಲ್ಲ. ಅಕ್ಕಯ್ಯಮ್ಮನನ್ನು ವಾಪಸು ಕರೆಸಿದರು. ಕೋನಪ್ಪ ಕೂಲಿ ಕೇಳದೆ ಮೂರು ದಿನ ಕೂತು ಆರೂ ಬಾಗಿಲ ಅಂಚು ಸವೆಸಿದ. ಚಿಂತಾಮಣಿಯ ಕೆಲಸ ಬೇರೆಯವರಿಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮುಂದಿನ ವರ್ಷ ಕೋನಪ್ಪ ಆ ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದಾಗ ನೋಡಿದ. ಹೊಡೆದ ಸ್ಕ್ರೂಗಳು ಉದುರಿ ಚಿಲಕಗಳು ನೇತಾಡುತ್ತಿದ್ದವು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ಅವನು ನಾಲ್ಕು ಮಾತು ಬೈದುಕೊಂಡು ಬಸ್ಸು ಹತ್ತಿದ.

ಕಾರ್ಖಾನೆಯ ಆ ದಿನದಿಂದ ಅವನ ಚೀಲದಲ್ಲಿ ಒಂದು ಹೊಸ ಸಾಮಾನು ಸೇರಿತು. ನಯಾಪೈಸೆ ಬಂದ ಮೇಲೆ ಹಳೆಯ ತೂತು ಕಾಸು ಯಾರಿಗೂ ಬೇಡವಾಗಿತ್ತು. ಅಂಥ ಎರಡು ಕಾಸನ್ನು ಜೋಡಿಸಿ, ನಡುವಿನ ತೂತಿನಲ್ಲಿ ದಾರ ಪೋಣಿಸಿ ಕಟ್ಟಿದ. ಯಾವ ಬಾಗಿಲಾದರೂ ಸರಿ, ಜೋಡಿ ಕಾಸು ಸಂದಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಜಾರಿ ಬರಬೇಕು. ಕಣ್ಣು ಬರುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ಚೌಕಟ್ಟಿನ ಒಳಗಡೆ ಹೊಡೆದ ಪಟ್ಟಿಯನ್ನು ತೋರಿಸುತ್ತಿದ್ದ. ಆ ಪಟ್ಟಿ ಸಂದನ್ನು ಮುಚ್ಚುತ್ತಿತ್ತು. ಇಷ್ಟು ಸಣ್ಣ ಉಪಾಯ ಮೊದಲೇ ಹೊಳೆದಿದ್ದರೆ ಒಂದು ಹೆಂಗಸಿನ ಬೆರಳು ಸುಲಿಯುತ್ತಿರಲಿಲ್ಲವೆಂದು ಅವನು ಗಂಗುಲಮ್ಮನ ಹತ್ತಿರ ಎಷ್ಟೋ ಸಲ ಅಂದಿದ್ದುಂಟು.

ಅರವತ್ತನಾಲ್ಕರ ಮಾಘದಲ್ಲಿ ಅಕ್ಕಯ್ಯಮ್ಮ ದಿಬ್ಬೂರಹಳ್ಳಿಯ ಕೇರಿಗೆ ತಾನೇ ನಡೆದು ಬಂದಳು. ನೂಲಿನ ದುಡಿಮೆಯಲ್ಲಿ ಶಿಡ್ಲಘಟ್ಟದ ಅಂಚಿನಲ್ಲಿ ಒಂದು ಅಂಕಣದ ಹೆಂಚಿನ ಮನೆ ಎಬ್ಬಿಸಿದ್ದಳು.

"ತಲೆಬಾಗಿಲು ನೀನಿಡ್ಬೇಕು ಕೋನಪ್ಪ."

ಕೋನಪ್ಪ ಕೈಯಲ್ಲಿದ್ದ ಉಳಿ ಕೆಳಗಿಟ್ಟ. "ಆಚಾರಿಗಳು ಇದಾರಲ್ಲಮ್ಮ. ನಿಮ್ಮೋರು ಏನಂತಾರೋ."

"ಆಚಾರಿ ನನಗೋಸ್ಕರ ಕಕ್ಕಸೊಳಗೆ ಕೂತಿದ್ನಾ?" ಎಂದಳು ಅವಳು. "ಬುಧವಾರ ಬಾ."

ಮರ ಕುಯ್ದು, ಚೌಕಟ್ಟು ನಿಲ್ಲಿಸಿ, ಬಾಗಿಲು ಕೂರಿಸುವಷ್ಟರಲ್ಲಿ ಎಂಟು ದಿನ ಹಿಡಿಯಿತು. ಎಂಟು ದಿನವೂ ಕೋನಪ್ಪ ಹೊಸ್ತಿಲಿನ ಹೊರಗೇ ಕೂತು ಕೆಲಸ ಮಾಡಿದ. ಒಳಚಿಲಕವನ್ನೂ ಬಾಗಿಲು ತೆರೆದಿಟ್ಟುಕೊಂಡು, ಹೊರಗಿನಿಂದ ಕೈ ಚಾಚಿಯೇ ಬಿಗಿದ. ಯಾರೂ ಒಳಗೆ ಬರಬೇಡವೆಂದು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯ ಆ ಸೀಮೆಯಲ್ಲಿ ಇರಲಿಲ್ಲ.

ಗೃಹಪ್ರವೇಶದ ಬೆಳಿಗ್ಗೆ ಅಕ್ಕಯ್ಯಮ್ಮನ ಮೈದುನ ನರಸಿಂಹಪ್ಪ ನಾಲ್ಕು ಜನ ನೆಂಟರನ್ನು ಕಟ್ಟಿಕೊಂಡು ಬಂದಿದ್ದ. ಅವನ ಮುಖ ಗಂಟು ಹಾಕಿತ್ತು. ಕೋನಪ್ಪ ಜೋಡಿ ಕಾಸನ್ನು ಸಂದಿನಲ್ಲಿ ಜಾರಿಸಿ ನೋಡಿ, ಚೀಲ ಎತ್ತಿಕೊಂಡ.

"ಎಲ್ಲಿಗೆ ಹೊರಟೆ?" ಎಂದಳು ಅಕ್ಕಯ್ಯಮ್ಮ. "ಚಿಲಕ ಹಾಕಿ ನೋಡ್ಲೇ ಇಲ್ಲ."

"ಒಳಕ್ಕೆ ನೀವೇ ಹೋಗಿ ಹಾಕ್ಕೊಂಡು ನೋಡಿಯಮ್ಮ. ನಾನು ಆಚೆಯಿಂದ ತಳ್ತೀನಿ."

"ಕಕ್ಕಸಾದ್ರೆ ನೀನು ಹೋಗಿ ನೋಡ್ತೀಯ, ಮನೆಯಾದ್ರೆ ನಾನು ಹೋಗಬೇಕಾ? ಒಳಗೆ ನಿಂತು ನೋಡ್ದೆ ಬಾಗಿಲು ಒಪ್ಪಿಸಲ್ಲ ಅಂತಿದ್ಯಲ್ಲ. ನನ್ನ ಮನೆಗೆ ಬೇರೆ ಕಾಯಿದೆನಾ?"

"ಅತ್ತಿಗೇ," ಎಂದ ನರಸಿಂಹಪ್ಪ.

"ನೀನು ಸುಮ್ಮನಿರಪ್ಪ. ಬಲಗಾಲಿಡು ಕೋನಪ್ಪ."

ಕೋನಪ್ಪ ಮೆಟ್ಟು ಬಿಟ್ಟ. ಹೊಸ್ತಿಲ ಅರಿಶಿನವನ್ನು ತುಳಿಯದೆ ಬಲಗಾಲು ಒಳಗಿಟ್ಟ, ಆಮೇಲೆ ಎಡಗಾಲು. ತಿರುಗಿ ಬಾಗಿಲು ಮುಚ್ಚಿದ. ಚಿಲಕ ತಡೆಯಿಲ್ಲದೆ ಸರಿದು ಕೂತಿತು. ಹೊರಗಿನಿಂದ ಅಕ್ಕಯ್ಯಮ್ಮನೇ ಭುಜ ಕೊಟ್ಟು ತಳ್ಳಿದಳು, ಬಾಗಿಲು ಮಿಸುಕಲಿಲ್ಲ. ಕೆಲಸ ಮುಗಿಯಿತು. ಇನ್ನು ತೆಗೆದು ಆಚೆ ಹೋಗಬೇಕು.

ಅವನಿಗೆ ಕೈ ಏಳಲಿಲ್ಲ. ಒಳಗೆ ಹೊಸ ಸುಣ್ಣದ ವಾಸನೆಯಿತ್ತು. ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಹಾಲುಕ್ಕಿಸಲು ಇಟ್ಟ ಪಾತ್ರೆ. ಐವತ್ತು ವರ್ಷ ಇಂಥ ಮನೆಗಳನ್ನು ಬೀದಿಯಿಂದ ನೋಡಿದ್ದ. ಒಳಗಿನಿಂದ ತಲೆಬಾಗಿಲು ಹೇಗೆ ಕಾಣುತ್ತದೆಂದು ಇವತ್ತು ನೋಡಿದ. ಕಣ್ಣು ತುಂಬಿತು.

"ಎಷ್ಟು ಹೊತ್ತು ಅವನಿಗೆ? ಪೂಜೆ ಹೊತ್ತು ಮೀರ್ತದೆ. ಆಚೆ ಬರೋಕೆ ಹೇಳಿ," ಎಂದು ನರಸಿಂಹಪ್ಪ ಬಾಗಿಲು ಬಡಿದ ಸದ್ದು ಕೇಳಿತು.

ಕೋನಪ್ಪ ಒಂದು ಸಲ ಕೆಮ್ಮಿದ.

ಬಾಗಿಲಾಚೆ ಯಾರೋ ನಡುವೆ ಬಂದು ನಿಂತ ಸದ್ದಾಯಿತು. ಅಕ್ಕಯ್ಯಮ್ಮ ಅಡ್ಡ ಕೈ ಹಿಡಿದಿರಬೇಕು.

"ತಡಿಯಪ್ಪ, ಒಳಗೆ ಮನುಷ್ಯರಿದಾರೆ," ಎಂದಳು ಅವಳು.

ಬಡಿಯುವುದು ನಿಂತಿತು. ಹೆಜ್ಜೆಗಳು ಹಿಂದೆ ಸರಿದವು. ಕೋನಪ್ಪ ಇನ್ನೂ ಸ್ವಲ್ಪ ಹೊತ್ತು ಚಿಲಕ ತೆಗೆಯಲಿಲ್ಲ.